ಏನ್ ಸಾರು ಎಂದು ಕೇಳುವ ನಮ್ಮತ್ತೆ

ಟೀವಿಯಲ್ಲಿ ಬರುವ ಪತ್ತೇದಾರಿ ಧಾರಾವಾಹಿಗಳನ್ನು ಕಂಡರೆ ನಮ್ಮತ್ತೆಗೆ ಆಗುವುದಿಲ್ಲ. ಕೊಲೆಯಾಗಿರುತ್ತದೆ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡ ನಾಲ್ಕಾರು ಜನ ಮೇಜಿನ ಸುತ್ತ ನಿಂತು ಮಾತಾಡುತ್ತಿರುತ್ತಾರೆ. ಅತ್ತೆ ಸೊಪ್ಪು ಬಿಡಿಸುತ್ತಾ ಸ್ವಲ್ಪ ಹೊತ್ತು ನೋಡಿ, "ಇಷ್ಟೊತ್ತಿಂದ ಮಾತಾಡ್ತಾವ್ರೆ, ಒಬ್ನಾದ್ರೂ ಅವತ್ತು ಏನ್ ಸಾರು ಮಾಡಿದ್ರಿ ಅಂತ ಕೇಳುದ್ನಾ? ಇವ್ರಿಗೆ ಎಲ್ಲಿಂದ ಕಳ್ಳ ಸಿಗ್ತಾನೆ" ಎಂದು ಎದ್ದು ಹೋಗುತ್ತಾರೆ. ಮರುದಿನ ಕಥೆ ಏನಾಯಿತೆಂದು ನನ್ನನ್ನೇ ಕೇಳುತ್ತಾರೆ, ಅದು ಬೇರೆ ಮಾತು.

ನಮ್ಮ ಕಡೆ ಇಬ್ಬರು ಹೆಂಗಸರು ಎದುರಾದರೆ ಬಾಯಿಂದ ಮೊದಲು ಬರುವುದೇ "ಏನ್ ಸಾರು?" ಎಂಬ ಮಾತು. ಚೆನ್ನಾಗಿದ್ದೀರಾ ಎಂದು ಕೇಳುವ ಜಾಗದಲ್ಲಿ ಅದನ್ನು ಕೇಳುತ್ತಾರೆ. ಅದನ್ನೊಂದು ಪ್ರಶ್ನೆಯೆಂದು ಯಾರೂ ಎಣಿಸುವುದಿಲ್ಲ, ಹಾಗಾಗಿ ಉತ್ತರ ಕೊಡುವಾಗ ಯಾರೂ ಹುಷಾರಾಗಿಯೂ ಇರುವುದಿಲ್ಲ. ಮೊನ್ನೆ ಸಂಜೆ ಎಲ್ಲಿದ್ದೆ ಎಂದರೆ ಜನ ಕಥೆ ಕಟ್ಟುತ್ತಾರೆ. ಮೊನ್ನೆ ಏನ್ ಸಾರು ಎಂದರೆ ನಿಜ ಹೇಳುತ್ತಾರೆ. ಆ ಸಾರಿನ ಹಿಂದೆಯೇ ಊಟಕ್ಕೆ ಯಾರು ಬಂದರು, ಯಾರು ಮುನಿಸಿಕೊಂಡು ಮಲಗಿದರು, ಯಾರು ತೋಟದಿಂದ ತಡವಾಗಿ ಬಂದರು ಎಂಬುದೆಲ್ಲ ತಾನಾಗಿ ಹೊರಗೆ ಬರುತ್ತದೆ. ಅತ್ತೆ ಹೂಂಗುಟ್ಟುತ್ತಾ ಕೇಳಿಸಿಕೊಳ್ಳುತ್ತಾರೆ.

ಹಾಗೆ ಅವರು ಪತ್ತೆ ಮಾಡಿದ ಕಳ್ಳತನಗಳು ನಮ್ಮೂರಲ್ಲಿ ಕಡಿಮೆಯಿಲ್ಲ. ಪಂಪ್‌ಸೆಟ್ಟಿನ ಕೇಬಲ್ ಕದ್ದವರು ಸಿಕ್ಕಿದ್ದು, ಹಬ್ಬವಿಲ್ಲ ಹರಿದಿನವಿಲ್ಲ, ವಾರದ ನಡುವೆ ಒಂದು ಮನೆಯಲ್ಲಿ ತಲೆಮಾಂಸದ ಸಾರು ಕುದಿದದ್ದರಿಂದ. ಇನ್ನೊಬ್ಬಳ ನಾಟಿಕೋಳಿ ಕಳೆದು, ಅವಳು ಬೀದಿಯಲ್ಲಿ ನಿಂತು ಊರಿಗೆಲ್ಲ ಮಣ್ಣು ತೂರಿ ಶಾಪ ಹಾಕುತ್ತಿದ್ದಾಗ, ಅದನ್ನು ಕೊಯ್ದು ಗೆಳೆಯರಿಗೆ ಬಡಿಸಿದ್ದು ಅವಳ ಗಂಡನೇ ಎಂದು ಅತ್ತೆ ಕಿವಿಯಲ್ಲಿ ಹೇಳಿ ಬಂದರು. ಆ ಸಂಜೆ ಆ ಮನೆಯಲ್ಲಿ ಏನ್ ಸಾರು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಊರಿನ ಹುಡುಗರು ಅತ್ತೆಯನ್ನು ಸಿಐಡಿ ಅಜ್ಜಿ ಎನ್ನುತ್ತಾರೆ. ಅತ್ತೆ ಬೈಯುತ್ತಾರೆ, ಆದರೆ ಅಜ್ಜಿ ಎಂದದ್ದಕ್ಕೆ ಮಾತ್ರ.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ ಕಡೆಯಿಂದ. ದೊಡ್ಡಬಳ್ಳಾಪುರದ ಒಂದು ಬಟ್ಟೆ ಕಾರ್ಖಾನೆಯ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಸುತ್ತಿ ಬಳಸಿ ಮಾತಾಡುವುದು ನನ್ನಿಂದಾಗದು, ನೇರವಾಗಿ ಕೇಳಿ ನೇರವಾಗಿ ಬೈಸಿಕೊಂಡು ಬರುತ್ತೇನೆ. ಅತ್ತೆಯ ಈ ಸಾರಿನ ವಿದ್ಯೆ ಶುರುವಿನಲ್ಲಿ ನನಗೆ ಬರೀ ಊರುಸಾಬರಿಯಂತೆ ಕಾಣುತ್ತಿತ್ತು. ಎದುರುಮನೆಯಾಕೆಯ ಕೊರಳ ಸರ ಕಳೆದುಹೋದ ವರ್ಷದಿಂದ ಆ ಮಾತು ಆಡುವುದನ್ನು ಬಿಟ್ಟೆ.

ನಮ್ಮದು ಮಧುರೆ ಹೋಬಳಿಯ ಕೆರೆದಂಡೆಯ ಊರು. ಅತ್ತೆ ಸಮುದ್ರ ನೋಡಿರುವುದು ಒಂದೇ ಸಲ, ಧರ್ಮಸ್ಥಳದ ಪ್ರವಾಸದ ಬಸ್ಸು ಮುರುಡೇಶ್ವರಕ್ಕೂ ಹೋದಾಗ. "ನಮ್ ಕೆರೆ ಕೋಡಿ ಬಿದ್ದಾಗಿನ್ ಥರಾನೇ ಐತೆ, ಅದಕ್ಯಾಕೆ ಅಷ್ಟ್ ದೂರ ಹೋಗ್ಬೇಕು, ನೀರು ಬೇರೆ ಉಪ್ಪು" ಎಂದು ತೀರ್ಪು ಕೊಟ್ಟರು. ಸರ ಕಳೆದುಹೋದ ವರ್ಷ ಕೆರೆ ಎಷ್ಟೋ ಕಾಲದ ಮೇಲೆ ತುಂಬಿ ಕೋಡಿ ಹರಿದಿತ್ತು. ಬೆಂಗಳೂರಿನಿಂದ ಬೈಕಿನಲ್ಲಿ ಬಂದು ಏರಿಯ ಮೇಲೆ ಫೋಟೋ ತೆಗೆಸಿಕೊಳ್ಳುವವರ ಜಾತ್ರೆಯೇ ನೆರೆಯುತ್ತಿತ್ತು. ಕೋಡಿಯ ಹತ್ತಿರ ನೀರಿಗೆ ಎದುರಾಗಿ ನೆಗೆಯುವ ಮೀನನ್ನು ಊರಿನವರು ಸೀರೆ, ಸೊಳ್ಳೆಪರದೆ, ಕೈಗೆ ಸಿಕ್ಕಿದ್ದರಲ್ಲಿ ಹಿಡಿಯುತ್ತಿದ್ದರು. ಆದರೆ ಕಾರ್ತಿಕ ಮಾಸ. ಸೋಮವಾರಗಳಂದು ಊರಿನ ಮುಕ್ಕಾಲು ಮನೆಗಳಲ್ಲಿ ಮೀನು ಮಾಂಸ ಮುಟ್ಟುವುದಿಲ್ಲ.

ಎದುರುಮನೆಯಾಕೆ ಆ ವ್ರತದಲ್ಲಿ ಎಲ್ಲರಿಗಿಂತ ಒಂದು ಕೈ ಮುಂದೆ. ಕಾರ್ತಿಕದ ಸೋಮವಾರ ಬರೀ ಹಾಲು ಬಾಳೆಹಣ್ಣಿನಲ್ಲಿ ಇರುತ್ತೇನೆಂದು ಹೇಳಿಕೊಳ್ಳುತ್ತಿದ್ದರು. ಅತ್ತೆಗಿಂತ ಒಂದೆರಡು ವರ್ಷ ದೊಡ್ಡವರು, ಅತ್ತೆ ಅವರನ್ನು ಅಕ್ಕಯ್ಯ ಎನ್ನುತ್ತಾರೆ. ಕೆಟ್ಟವರಲ್ಲ, ಗಂಟಲು ದೊಡ್ಡದು. ಮಗ ದೇವನಹಳ್ಳಿ ಕಡೆ ಒಂದು ಗೋದಾಮಿನಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾನೆ. ಗಂಡನಿಗೆ ಮಂಡಿನೋವು, ಜಗಲಿ ಬಿಟ್ಟು ಇಳಿಯುವುದಿಲ್ಲ. ಮಗನಿಗೆ ಅದೇ ವರ್ಷ ಚಿಂತಾಮಣಿ ಕಡೆಯಿಂದ ಹೆಣ್ಣು ತಂದಿದ್ದರು. ಆ ಹುಡುಗಿಯ ತವರಿನಲ್ಲಿ ಮನೆಮಾತು ತೆಲುಗು. ನಮ್ಮ ಹೊಸಕೋಟೆ ಕಡೆ ತೆಲುಗು ಎಲ್ಲರ ನಾಲಗೆಯ ಮೇಲೂ ಇರುತ್ತದೆ, ಈ ಕಡೆ ಸಿನಿಮಾದಲ್ಲಿ ಕಲಿತಷ್ಟೇ. ಹಾಗಾಗಿ ಅವಳು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ನನ್ನೊಬ್ಬಳ ಹತ್ತಿರ, ಅದೂ ನಲ್ಲಿಯ ಹತ್ತಿರ ಸಿಕ್ಕಾಗ.

ಒಂದು ಸೋಮವಾರ ಸಂಜೆ ಎದುರುಮನೆಯಿಂದ ಕೂಗು ಕೇಳಿಸಿತು. ಅಕ್ಕಯ್ಯನ ಕೊರಳಿನ ಚಿನ್ನದ ಗುಂಡಿನ ಸರ ಕಾಣುತ್ತಿಲ್ಲ. ಬೀರು ಹುಡುಕಿದರು, ಹಾಸಿಗೆ ಒದರಿದರು, ರಾಗಿಯ ಡ್ರಮ್ಮನ್ನೂ ಸುರಿದು ನೋಡಿದರು. ಅದು ಅವರ ಅಮ್ಮ ಕೊಟ್ಟ ಸರ. ಮದುವೆ ಮುಂಜಿಗೆ ಮಾತ್ರವಲ್ಲ, ಸಗಣಿ ಬಾಚುವಾಗಲೂ ಕೊರಳಲ್ಲೇ ಇರುತ್ತಿತ್ತು.

ಮಂಗಳವಾರ ಅನುಮಾನ ಊರನ್ನೆಲ್ಲ ಸುತ್ತಿತು. ಬುಧವಾರ ಸೊಸೆಯ ಮೇಲೆ ಬಂದು ಕೂತಿತು. ಡೈರಿಗೆ ಹಾಲು ಹಾಕಲು ಹೋಗುತ್ತಿದ್ದ ಒಬ್ಬ ಹೆಂಗಸು, ಆ ಹುಡುಗಿ ಕೆರೆ ಏರಿಯ ಮೇಲೆ ನಿಂತು ಫೋನಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು ಬಂದಿದ್ದಳು. "ಚಿನ್ನದಿ ನಾ ದಗ್ಗರೇ ಉಂದಿ, ಎವರಿಕೀ ಚೆಪ್ಪೊದ್ದು." ಸಿನಿಮಾ ತೆಲುಗು ಸಾಕಾಯಿತು. ಚಿನ್ನ ನನ್ನ ಹತ್ತಿರವೇ ಇದೆ, ಯಾರಿಗೂ ಹೇಳಬೇಡ.

ನಾನು ಕೆಲಸದಿಂದ ಬಂದು ವ್ಯಾನಿಟಿ ಬ್ಯಾಗನ್ನು ಇಡುವ ಮೊದಲೇ ಈ ಸುದ್ದಿ ಕಿವಿಗೆ ಬಿತ್ತು. ಮೈಯೆಲ್ಲ ಉರಿಯಿತು. "ಚಿನ್ನ ಅಂದ್ರೆ ತೆಲುಗಲ್ಲಿ ಚಿಕ್ಕದು ಅಂತ ಅತ್ತೆ! ಬಂಗಾರಕ್ಕೆ ಬಂಗಾರ ಅಂತಾರೆ. ಚಿನ್ನದಿ ಅಂದ್ರೆ ಚಿಕ್ಕದು. ಅಷ್ಟೂ ಗೊತ್ತಿಲ್ದೆ ಒಂದ್ ಹುಡುಗೀನ ಕಳ್ಳಿ ಮಾಡ್ಬಿಟ್ರಲ್ಲ!" ಎಂದು ಎದುರುಮನೆಗೆ ನುಗ್ಗಲು ಹೊರಟೆ. ಅತ್ತೆ ಸೆರಗು ಹಿಡಿದು ನಿಲ್ಲಿಸಿದರು.

"ಇರು ಅಮ್ಮಣ್ಣಿ. ಚಿಕ್ಕದು ಅಂತ ಹೇಳ್ತೀಯ, ಸರಿ. ಏನ್ ಚಿಕ್ಕದು ಅಂತ ಅವ್ರು ಕೇಳ್ತಾರೆ. ಏನ್ ಹೇಳ್ತೀಯ?"

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಆ ಹುಡುಗಿಯನ್ನೇ ತೆಲುಗಿನಲ್ಲಿ ಕೇಳಿದೆ. ಅವಳ ಕಣ್ಣು ಅತ್ತು ಊದಿದ್ದವು. "ಬಂಗಾರ ನಾನು ಮುಟ್ಟಿಲ್ಲ ಅಕ್ಕ" ಎಂದಳು. ಹಾಗಾದರೆ ಚಿಕ್ಕದು ಯಾವುದು ಎಂದರೆ ಬಿಂದಿಗೆ ತುಂಬಿ ಹರಿಯುತ್ತಿದ್ದರೂ ಅದನ್ನೇ ನೋಡುತ್ತಾ ನಿಂತಳು. "ಅದನ್ನ ಹೇಳಿದ್ರೆ ನಾನು ಉಳ್ಕೊತೀನಿ, ಆದ್ರೆ ಹೇಳಲ್ಲ" ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಭಾನುವಾರ ನಾಲ್ಕು ಜನ ಹಿರಿಯರನ್ನು ಕೂರಿಸಿ ಮಾತಾಡಿಸುವುದು, ಸರ ಕೊಡದಿದ್ದರೆ ಅವಳನ್ನು ತವರಿಗೆ ಬಿಟ್ಟು ಬರುವುದು ಎಂದು ಎದುರುಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಗಂಡ ಅಮ್ಮನ ಮುಖ ನೋಡುತ್ತಾನೆ, ಹೆಂಡತಿಯ ಮುಖ ನೋಡುತ್ತಾನೆ, ಬಾಯಿ ಮಾತ್ರ ಬಿಡುವುದಿಲ್ಲ. ಕಳ್ಳಿ ಎಂದು ತವರಿಗೆ ಹೋದ ಹುಡುಗಿ ಮತ್ತೆ ಈ ಬೀದಿಗೆ ಬರುವುದುಂಟೇ?

ಅತ್ತೆ ತಮ್ಮ ಕೆಲಸ ಶುರು ಮಾಡಿಕೊಂಡರು. ಎದುರುಮನೆಯ ಜಗಲಿಯಲ್ಲಿ ಕೂತು ಅಕ್ಕಯ್ಯನ ಗೋಳು ಕೇಳಿದರು. ಗೋಳಿನ ನಡುವೆ ಅಡುಗೆಯ ಮಾತೂ ಬಂತು. "ಕಳ್ಳತನ ಒಂದೇ ಅಲ್ಲ ಕಣೆ, ಹೊಟ್ಟೆಬಾಕಿ ಬೇರೆ. ಹೋದ್ ವಾರದಿಂದ ಸಂಜೆಗೆ ಮುದ್ದೆ ಉಳಿಯಾಕಿಲ್ಲ, ಸಾರು ಉಳಿಯಾಕಿಲ್ಲ. ಮಾಡೋ ಸಾರಾದ್ರೂ ನೆಟ್ಟಗೈತಾ? ಖಾರ ಇಲ್ಲ ಗೀರ ಇಲ್ಲ, ಬಾಣಂತಿ ಸಾರು."

ಅತ್ತೆ ಆ ಹುಡುಗಿಯನ್ನೂ ಹಿತ್ತಲ ಬೇಲಿಯ ಹತ್ತಿರ ಹಿಡಿದು, "ಏನ್ ಸಾರಮ್ಮ ಇವತ್ತು?" ಎಂದರು. ಬಸ್ಸಾರು ಎಂದಳು. ಖಾರ ಯಾಕೆ ಕಮ್ಮಿಯಂತೆ ಎಂದರೆ, "ಈಚೆಗೆ ನಂಗೆ ಖಾರ ಸೇರಲ್ಲ" ಎಂದು ಹುಲ್ಲಿನ ಕುಡುಗೋಲು, ಟಿಫನ್ ಕ್ಯಾರಿಯರ್ ಹಿಡಿದು ತೋಟದ ಕಡೆ ಹೋದಳು.

ಅಂದು ಸಂಜೆ ಅತ್ತೆ ನನಗೆ ಹೇಳಿದರು: "ಚಿಂತಾಮಣಿ ಕಡೆ ಹುಡ್ಗಿ. ಉಪ್ಪಿನ್ಕಾಯಿ ರಸಾನ ಅನ್ನಕ್ಕೆ ಕಲಸ್ಕೊಂಡ್ ತಿನ್ನೋಳು. ಅವಳು ಸಾರಿಗೆ ಖಾರ ಕಮ್ಮಿ ಹಾಕ್ತಾವ್ಳೆ ಅಂದ್ರೆ ತಿನ್ನೋರು ಇನ್ಯಾರೋ ಅವ್ರೆ. ಖಾರ ತಿನ್ನಾಕಾಗ್ದೋರು. ಈಗ ನಿನ್ ತೆಲುಗು ಹೇಳು, ಚಿನ್ನದಿ ಅಂದ್ರೆ ವಸ್ತುಗೇ ಅಂತಾರಾ, ಮನುಷ್ರಿಗೂ ಅಂತಾರಾ?"

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ನಮ್ಮ ತವರಿನ ಪಕ್ಕದ ಮನೆಯಲ್ಲಿ ಮೂವರು ಹೆಣ್ಣುಮಕ್ಕಳು. ದೊಡ್ಡವಳನ್ನು ಪೆದ್ದದಿ, ಕೊನೆಯವಳನ್ನು ಚಿನ್ನದಿ ಎಂದೇ ಕರೆಯುತ್ತಿದ್ದರು. ಇದು ನನಗೆ ಮೊದಲೇ ಹೊಳೆಯಬೇಕಿತ್ತು, ಸಿಟ್ಟು ಮುಂದೆ ಬಂದು ನಿಂತಿತ್ತು.

ಶನಿವಾರ ನನಗೆ ಅರ್ಧ ದಿನ. ಮಧ್ಯಾಹ್ನ ಇಬ್ಬರೂ ಸೊಪ್ಪು ಕೀಳುವ ನೆಪದಲ್ಲಿ ಎದುರುಮನೆಯವರ ತೋಟಕ್ಕೆ ಹೋದೆವು. ಅದು ಕೆರೆಯ ಅಂಚಿಗೇ ಇದೆ. ಮಳೆ ಹಿಡಿದಿದ್ದರಿಂದ ಪಂಪು ಹಾಕುವ ಕೆಲಸವಿರಲಿಲ್ಲ, ಪಂಪ್‌ಹೌಸಿನ ಕಡೆ ಯಾರೂ ಸುಳಿಯುತ್ತಿರಲಿಲ್ಲ. ಬಾಗಿಲು ಒಳಗಿನಿಂದ ಹಾಕಿತ್ತು. ನಾನು ತೆಲುಗಿನಲ್ಲಿ, "ನಿಮ್ಮಕ್ಕನ ಎದುರುಮನೆಯವಳು ಕಣಮ್ಮ, ಹೆದರಬೇಡ" ಎಂದೆ. ತುಂಬ ಹೊತ್ತಿನ ಮೇಲೆ ಚಿಲಕ ಸರಿಯಿತು.

ಒಳಗೆ ಗೊಬ್ಬರದ ಚೀಲಗಳ ಮೇಲೆ ಹಾಸಿದ ಜಮಖಾನ, ಒಂದು ಬಾಟಲಿ ನೀರು, ತೊಳೆದಿಟ್ಟ ಟಿಫನ್ ಡಬ್ಬಿ. ಹುಡುಗಿ ಪಿಯುಸಿ ಓದುತ್ತಿದ್ದವಳು, ಹದಿನೆಂಟು ತುಂಬಿಲ್ಲ. ಬಾಯೆಲ್ಲ ಹುಣ್ಣಾಗಿ ಖಾರ ಮುಟ್ಟುವಂತಿರಲಿಲ್ಲ. ಅವಳ ಅಮ್ಮನ ತಮ್ಮನಿಗೆ ಅವಳನ್ನು ಕೊಡುವುದೆಂದು ನಿಶ್ಚಯ ಮಾಡಿದ್ದರು. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲೂ ಉಂಟು, ಆದರೆ ಅವನು ಇವಳಿಗಿಂತ ತೀರಾ ದೊಡ್ಡವನು, ಮೊದಲ ಹೆಂಡತಿ ಬಿಟ್ಟು ಹೋಗಿದ್ದಳು. ಒಪ್ಪಂದದ ಶಾಸ್ತ್ರ, ಎಂದರೆ ನಿಶ್ಚಿತಾರ್ಥ, ಮುಗಿದ ಮಾರನೆಯ ದಿನವೇ ಹುಡುಗಿ ಬಸ್ಸು ಹತ್ತಿ ಅಕ್ಕನ ಊರಿಗೆ ಬಂದಿದ್ದಳು. ಅಕ್ಕ ಫೋನಿನಲ್ಲಿ ಮಾತಾಡಿದ್ದು ಇವಳ ಗೆಳತಿಯ ಜೊತೆ. ತವರಿನವರಿಗೆ ಗೊತ್ತಾದರೆ ಎಳೆದುಕೊಂಡು ಹೋಗುತ್ತಾರೆ, ಅತ್ತೆಮನೆಯಲ್ಲಿ ಹೇಳಿದರೆ ಅವರು ತವರಿಗೆ ಫೋನ್ ಮಾಡುತ್ತಾರೆ. ಹಾಗಾಗಿ ಕಳ್ಳಿ ಎನಿಸಿಕೊಂಡರೂ ಅವಳು ಬಾಯಿ ಬಿಟ್ಟಿರಲಿಲ್ಲ.

ನಾನು ಅಲ್ಲೇ ಮೊಬೈಲ್ ತೆಗೆದು ಮಕ್ಕಳ ಸಹಾಯವಾಣಿಗೆ ಫೋನ್ ಮಾಡುತ್ತೇನೆಂದೆ. ಹುಡುಗಿ ನನ್ನ ಎರಡೂ ಕೈ ಹಿಡಿದುಕೊಂಡಳು. "ಬೇಡ ಆಂಟಿ, ಅಪ್ಪನ ಮೇಲೆ ಕೇಸ್ ಆಗುತ್ತೆ. ಅಪ್ಪ ಏನೂ ಮಾಡಿಲ್ಲ. ಏನೂ ಮಾತಾಡೇ ಇಲ್ಲ" ಎಂದಳು. ಮಾತಾಡದೆ ಇದ್ದದ್ದೇ ತಪ್ಪು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮದುವೆಯ ದಿನ ಹತ್ತಿರ ಬಂದರೆ ಯಾರ ಮಾತನ್ನೂ ಕೇಳದೆ ಫೋನ್ ಮಾಡುತ್ತೇನೆಂದು ಅವಳಿಗೆ ಅಲ್ಲೇ ಹೇಳಿದೆ. ಅತ್ತೆ ಅವಳ ಕೆನ್ನೆ ಸವರಿದರು. ಏನೂ ಕೇಳಲಿಲ್ಲ, ಸಾರಿನ ವಿಷಯವನ್ನೂ ಕೇಳಲಿಲ್ಲ.

ದಾರಿಯಲ್ಲಿ ನನಗೆ ತಲೆ ಕೆಟ್ಟುಹೋಯಿತು. ನಿಜ ಹೇಳಿದರೆ ಅಕ್ಕ ಉಳಿಯುತ್ತಾಳೆ, ತಂಗಿ ಹೋಗುತ್ತಾಳೆ. ಹೇಳದಿದ್ದರೆ ಅಕ್ಕ ಹೋಗುತ್ತಾಳೆ, ತಂಗಿಯೂ ಸಿಕ್ಕಿಬೀಳುತ್ತಾಳೆ. "ಸರ ಸಿಕ್ಕಿದ್ರೆ ಏನೂ ಹೇಳಂಗಿಲ್ಲ" ಎಂದರು ಅತ್ತೆ.

"ಎಲ್ಲಿಂದ ಸಿಗುತ್ತೆ ಅತ್ತೆ, ನಾಳೆ ಬೆಳಿಗ್ಗೆ ಪಂಚಾಯ್ತಿ!"

"ಮಂಗಳವಾರ ಅಕ್ಕಯ್ಯ ಬೆಳಿಗ್ಗೆ ಬೆಳಿಗ್ಗೇನೇ ನಮ್ಮನೇಗ್ ಬಂದಿದ್ಲು, ನೆನಪೈತಾ? ಏನ್ ಕೇಳ್ಕೊಂಡ್ ಬಂದಿದ್ಲು?"

ಹುಣಸೆಹಣ್ಣು. ಒಂದು ಬಟ್ಟಲು ಹುಣಸೆಹಣ್ಣು ಈಸಿಕೊಂಡು ಹೋಗಿದ್ದರು. ಅದರಲ್ಲೇನಿದೆ ಎಂದು ನನಗೆ ತಿಳಿಯಲಿಲ್ಲ. ಅತ್ತೆ ಹೇಳಲೂ ಇಲ್ಲ. ಇಂಥ ಹೊತ್ತಿನಲ್ಲಿ ಅವರಿಗೆ ಬಿಗುಮಾನ ಜಾಸ್ತಿ.

ಭಾನುವಾರ ಹಿರಿಯರು ಬರುವ ಮೊದಲೇ ಅತ್ತೆ ಎದುರುಮನೆಯಾಕೆಯನ್ನು ಅವರದೇ ಹಿತ್ತಲಿನ ತಿಪ್ಪೆಯ ಹತ್ತಿರ ಕರೆದರು. ನಾನು ಕಸದ ಬುಟ್ಟಿ ಹಿಡಿದು ಬೇಕೆಂದೇ ಅಲ್ಲಿ ನಿಂತಿದ್ದೆ.

"ಅಕ್ಕಯ್ಯ, ಸರ ಕಳೆದ್ ದಿನ ಏನ್ ಸಾರು ಮಾಡಿದ್ದೆ?"

"ಕಾರ್ತಿಕ ಸೋಮವಾರ ಕಣೆ, ಏನ್ ಸಾರು ಅಂತ ಕೇಳ್ತೀಯಲ್ಲ. ಹಾಲು, ಬಾಳೆಹಣ್ಣು."

"ಮಾರನೆ ದಿನ ಹುಣ್ಸೆಹಣ್ಣು ಮುಗಿದೋಗೈತೆ ಅಂತ ಬಂದಲ್ಲ. ಬಾಳೆಹಣ್ಣಿಗೆ ಹುಣ್ಸೆಹಣ್ಣು ಹಿಂಡ್ತಾರಾ?"

ಅಕ್ಕಯ್ಯ ಹಿತ್ತಲ ಬಾಗಿಲ ಕಡೆ ತಿರುಗಿ ನೋಡಿದರು. ಅತ್ತೆ ದನಿ ತಗ್ಗಿಸಿದರು. "ಒಂದ್ ವಾರದಿಂದ ನಿಮ್ಮನೆ ಬೆಕ್ಕು ಈ ತಿಪ್ಪೆ ಬಿಟ್ಟು ಅಲ್ಲಾಡ್ತಿಲ್ಲ. ಹುಣ್ಸೆಹಣ್ಣು ಅಷ್ಟು ಹಿಡಿಯೋದು ಮೀನ್ ಸಾರಿಗೇಯ. ಕೋಡಿ ಹತ್ರ ಯಾರೋ ಮೀನು ಕೊಟ್ರು, ಅಲ್ವಾ? ಭಾವ ಜಗಲೀಲಿ, ಸೊಸೆ ತೋಟದಲ್ಲಿ, ಒಳಗ್ ಯಾರೂ ಇರ್ನಿಲ್ಲ. ಆಸೆ ತಡೀನಿಲ್ಲ. ಅಯ್ಯೋ, ಬುಡು, ನಾನಾಗಿದ್ರೂ ಅಷ್ಟೇಯ. ಕಲ್ಲಿನ್ ಮೇಲೆ ಬೂದಿ ಹಾಕಿ ಮೀನು ಉಜ್ಜುವಾಗ ಸರ ಜೋತಾಡ್ತದೆ, ತೆಗ್ದು ಪಕ್ಕಕ್ಕಿಟ್ಟಿರ್ತೀಯ. ಆಮೇಲೆ ಪೊರೆ ಯಾರಾದ್ರೂ ನೋಡ್ಬಿಟ್ಟಾರು ಅಂತ ಬೂದಿ ಸಮೇತ ಬಾಚಿ ತಂದು ಇಲ್ಲಿ ಹೂತಿದೀಯ."

ಅಕ್ಕಯ್ಯ ಸೀರೆ ಎತ್ತಿಕಟ್ಟಿ, ಕೈಯಿಂದಲೇ ತಿಪ್ಪೆಯ ಒಂದು ಮೂಲೆಯನ್ನು ಕೆದಕತೊಡಗಿದರು. ಬೂದಿ ಬಂತು, ಮೀನಿನ ಪೊರೆ ಬಂತು, ನಾತ ಬಂತು. ಆಮೇಲೆ ಸರ ಬಂತು. ಅದನ್ನು ಹಿಡಿದುಕೊಂಡು ಅವರು ತಿಪ್ಪೆಯ ಪಕ್ಕದಲ್ಲೇ ಕುಕ್ಕರಿಸಿ ಅತ್ತರು. "ಬೀರುಲಿ ಇಟ್ಟಿದ್ದೆ ಅಂತ್ಲೇ ಅನ್ಕೊಂಡಿದ್ದೆ ಕಣೆ, ದೇವ್ರಾಣೆ. ಮೀನಿನ್ ಯೋಚ್ನೇಲಿ ಸರದ್ ಯೋಚ್ನೆ ಇರ್ನಿಲ್ಲ. ಆ ಮಗೀಗೆ ಏನೇನ್ ಅಂದ್ಬುಟ್ಟೆ ನಾನು" ಎಂದರು. ಹಿಂದಿನ ದಿನದವರೆಗೆ ಇವರ ಮುಖಕ್ಕೆ ಮಂಗಳಾರತಿ ಎತ್ತಬೇಕೆಂದು ಕಾದಿದ್ದ ನನಗೆ, ಆ ಬೂದಿ ಮೆತ್ತಿದ ಕೈ ನೋಡಿ ಪಾಪ ಎನಿಸಿತು. ಒಂದು ತುಂಡು ಮೀನಿಗಾಗಿ ಇಷ್ಟು ವಯಸ್ಸಾದ ಹೆಂಗಸು ಇಷ್ಟು ಹೆದರಬೇಕೆ?

ಹಿರಿಯರ ಮುಂದೆ ಅಕ್ಕಯ್ಯ ಸರ ಸೀರೆಯ ಮಡಿಕೆಯಲ್ಲಿ ಸಿಕ್ಕಿತೆಂದರು. ಎಲ್ಲರೂ ನಿಟ್ಟುಸಿರು ಬಿಟ್ಟು ಕಾಫಿಗೆ ಕೈ ಚಾಚಿದರು. ಆದರೆ ಡೈರಿಯ ದಾರಿಯಲ್ಲಿ ಕೇಳಿಸಿಕೊಂಡಿದ್ದ ಹೆಂಗಸು ಬಿಡಬೇಕಲ್ಲ. "ಅಂಗಾರೆ ಫೋನಲ್ಲಿ ಚಿನ್ನ ನನ್ ತಾವೈತೆ ಅಂದಿದ್ದು?" ಎಂದು ಎದ್ದು ನಿಂತಳು. ಸೊಸೆಯ ಮುಖ ಬಿಳಿಚಿಕೊಂಡಿತು.

"ಚಿನ್ನದಿ ಅಂದ್ರೆ ತೆಲುಗಲ್ಲಿ ಚಿಕ್ಕದು" ಎಂದೆ ನಾನು. "ಚಿಕ್ಕ ಫೋನು. ಬಟನ್ ಫೋನು. ತವರಿಂದ ಬರುವಾಗ ತಂದಿದ್ಲು. ಬೇರೆಯೋರ ಮಾತು ಕೇಳಿಸ್ಕೊಳ್ಳೋರು ಮೊದಲು ಅವರ ಭಾಷೆ ಕಲ್ತ್ಕೊಬೇಕು." ಸುಳ್ಳನ್ನು ಅಷ್ಟು ಸಿಟ್ಟಿನಿಂದ ಹೇಳಿದರೆ ಎದುರು ಮಾತಾಡುವುದು ಕಷ್ಟ. ಅವಳು ಗೊಣಗುತ್ತಾ ಕೂತಳು. ಅಕ್ಕಯ್ಯ ಮಾತ್ರ ನನ್ನನ್ನೇ ದಿಟ್ಟಿಸಿ ನೋಡಿದರು.

ಆ ಸಂಜೆ ಅವರು ನಮ್ಮ ಅಡುಗೆಮನೆಗೆ ಬಂದು, ಬಾಗಿಲು ಹಾಕಿ, ಮೆಲ್ಲಗೆ ಕೇಳಿದರು. "ಫೋನು ಮುದ್ದೆ ತಿಂತದಾ?"

ಅವರೇ ಮುಂದುವರಿಸಿದರು. "ಇವತ್ತು ಅವಳ ಹಿಂದೇನೇ ತೋಟಕ್ಕೋದೆ. ಪಂಪ್‌ಹೌಸಲ್ಲಿ ಆ ಮಗು ಗೊಬ್ಬರದ ಚೀಲದ ಮೇಲೆ ಮಲಗೈತೆ. ಹೇಳ್ಬಾರದಾ ನಂಗೆ? ನಾನೇನು ರಾಕ್ಷಸೀನಾ?" ಎಂದು ಕೇಳಿ, ಒಂದು ವಾರ ತಾವು ಆಡಿದ್ದೆಲ್ಲ ನೆನಪಾಯಿತೋ ಏನೋ, ಮಾತು ನಿಲ್ಲಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹುಡುಗಿಯನ್ನು ಆಗಲೇ ಮನೆಗೆ ಕರೆತಂದು ಒಳಗಿನ ಕೋಣೆಯಲ್ಲಿ ಮಲಗಿಸಿ ಬಂದಿದ್ದರು. ಸೊಸೆಯ ಕಾಲು ಹಿಡಿಯಲು ಹೋದರಂತೆ, ಅವಳು ಹಿಂದಕ್ಕೆ ಸರಿದು ಅವರನ್ನೇ ತಬ್ಬಿಕೊಂಡಳಂತೆ. ಮಗನಿಗೂ ಗಂಡನಿಗೂ ಈ ವಿಷಯ ಹೊರಗೆ ಹೋದರೆ ಮುದ್ದೆ ಹಾಕುವುದಿಲ್ಲವೆಂದು ಹೇಳಿಟ್ಟಿದ್ದರು.

ಮುಂದಿನ ಸೋಮವಾರ ಯಾವುದೋ ಜಯಂತಿಯ ರಜೆ. ಅತ್ತೆಯೂ ನಾನೂ ಎದುರುಮನೆಯ ಜಗಲಿಯಲ್ಲಿ ಕೂತು ಅಕ್ಕಯ್ಯನೊಂದಿಗೆ ಹುರುಳಿ ಕೇರುತ್ತಿದ್ದೆವು. ಒಂದು ಕಾರು ಬಂದು ನಿಂತಿತು. ಮುಂದಿನಿಂದ ದಪ್ಪಗಿನ ಒಬ್ಬ ಆಸಾಮಿ ಇಳಿದ. ಸೋದರಮಾವ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹಿಂದಿನ ಬಾಗಿಲಿನಿಂದ ಬಿಳಿ ಪಂಚೆಯ, ಸಣಕಲು ಮನುಷ್ಯ ಇಳಿದರು. ಅವರು ಹುಡುಗಿಯರ ಅಪ್ಪ, ಮದುವೆಯಲ್ಲಿ ನೋಡಿದ್ದೆ. ಸೊಸೆ ಬಾಗಿಲ ಚೌಕಟ್ಟನ್ನು ಹಿಡಿದು ನಿಂತುಬಿಟ್ಟಳು. ಅವಳ ಹಿಂದೆ, ಎರಡು ಬಾಗಿಲು ದಾಟಿದರೆ, ತಂಗಿ.

ಮಾವ ಕಣ್ಣು ಸನ್ನೆ ಮಾಡಿದ. ಅಪ್ಪ ಮಗಳನ್ನು ನೋಡಿ ಗಟ್ಟಿಯಾಗಿ ಕೇಳಿದರು. "ಚಿನ್ನದಿ ಎಕ್ಕಡಮ್ಮಾ?"

ಚಿಕ್ಕದು ಎಲ್ಲಮ್ಮಾ? ಅಕ್ಕಯ್ಯ ಮೊರ ಬದಿಗಿಟ್ಟು ಎದ್ದು, ಕೊರಳಿನ ಸರವನ್ನು ಬೆರಳಿನಿಂದ ಎತ್ತಿ ಹಿಡಿದು, ಬೀದಿಗೆಲ್ಲ ಕೇಳುವಂತೆ ಶುರು ಮಾಡಿದರು.

"ಚಿನ್ನಾನಾ? ಇಲ್ಲೇ ಐತಲ್ಲ ಬೀಗರೇ! ಅಯ್ಯೋ, ನಿಮ್ಮೂರ್ ಗಂಟ ಹೋಗ್ಬುಡ್ತಾ ಸುದ್ದಿ? ಕಳೆದಿತ್ತು, ಸಿಕ್ತು. ಸೀರೆ ಮಡಿಕೇಲೇ ಇತ್ತು. ನಿಮ್ ಮಗಳದ್ದೇನೂ ತಪ್ಪಿಲ್ಲ, ನಂದೇ ಮರೆವು. ಅದನ್ ಕೇಳಾಕೆ ಕಾರ್ ಮಾಡ್ಕೊಂಡ್ ಬಂದ್ರಾ, ಪಾಪ."

ಮಾವ ಅದಲ್ಲ, ಹುಡುಗಿ, ಚಿಕ್ಕ ಹುಡುಗಿ ಎಂದು ಕನ್ನಡದಲ್ಲಿ ತಡವರಿಸಿದ. ಅಕ್ಕಯ್ಯ ಸರದ ಗುಂಡುಗಳನ್ನು ಒಂದೊಂದಾಗಿ ತೋರಿಸುತ್ತಾ, ಅದು ಅವರ ಅಮ್ಮನದು, ಅಮ್ಮನಿಗೆ ಯಾರು ಕೊಟ್ಟರು ಎಂದು ಹೇಳುತ್ತಲೇ ಇದ್ದರು. ಅವನು ಬೇಸತ್ತು, "ಒಳಗೆ ನೋಡ್ತೀನಿ" ಎಂದು ಮೆಟ್ಟಿಲಿಗೆ ಕಾಲಿಟ್ಟ. ಅಕ್ಕಯ್ಯ ಅಡ್ಡ ನಿಂತರು.

"ಕಾರ್ತಿಕ ಸೋಮವಾರ. ಮಡೀಲಿ ಅಡುಗೆ ಆಗ್ತೈತೆ. ಹೊರಗಿನೋರು ಒಳೀಕ್ ಬರಂಗಿಲ್ಲ. ನಮ್ಮನೇಲಿ ಇದೆಲ್ಲ ಭಾರಿ ಕಟ್ಟುನಿಟ್ಟು ಸ್ವಾಮಿ."

ಅತ್ತೆ ಹುರುಳಿಯಲ್ಲಿ ಕಲ್ಲು ಹುಡುಕುವವರಂತೆ ತಲೆ ತಗ್ಗಿಸಿದರು. ಭುಜ ಅಲುಗುತ್ತಿತ್ತು. ಮಾವ ಅಪ್ಪನ ಕಡೆ ತಿರುಗಿದ, ನೀನಾದರೂ ಹೇಳು ಎಂಬಂತೆ. ಅಪ್ಪ ಮನೆಯ ಒಳಗನ್ನು ಒಂದು ಸಲ ನೋಡಿದರು. ಹಜಾರದ ಹಗ್ಗದ ಮೇಲೆ ಒಂದು ಹಸಿರು ಚೂಡಿದಾರ ಒಣಗುತ್ತಿತ್ತು. ಆ ಮನೆಯ ಸೊಸೆ ಚೂಡಿದಾರ ಹಾಕುವವಳಲ್ಲ. ಅಪ್ಪ ಅದನ್ನು ನೋಡಿದ್ದನ್ನು ಅತ್ತೆ ನೋಡಿದರು, ನಾನೂ ನೋಡಿದೆ.

"ಇಕ್ಕಡ ಲೇದಪ್ಪಾ. ನಡಿ" ಎಂದರು ಅಪ್ಪ. ಇಲ್ಲಿಲ್ಲ, ನಡಿ.

ಮಾವ ಏನೋ ಬೈಯುತ್ತಾ ಹೋಗಿ ಕಾರು ಚಾಲೂ ಮಾಡಿದ. ಅಪ್ಪ ಚಪ್ಪಲಿ ಮೆಟ್ಟುವವರಂತೆ ಜಗಲಿಯ ಅಂಚಿಗೆ ಬಗ್ಗಿದರು. ಅಂಗಿಯ ಜೇಬಿನಿಂದ ಒಂದು ಕನ್ನಡಕದ ಡಬ್ಬಿ ತೆಗೆದು ಹುರುಳಿಯ ಮೊರದ ಪಕ್ಕದಲ್ಲಿಟ್ಟರು. ಕಾರಿನ ಕಡೆ ಬೆನ್ನು ಮಾಡಿ, ತೆಲುಗು ಬೆರೆತ ಕನ್ನಡದಲ್ಲಿ, ಅತ್ತೆಗೆ ಹೇಳಿದರು.

"ಶಾಸ್ತ್ರದ ದಿನ ಫೋಟೋಗೆ ಚೆನ್ನಾಗಿರಲ್ಲ ಅಂತ ತೆಗೆಸಿಟ್ಟಿದ್ರು ತಾಯಿ. ಇದಿಲ್ದಿದ್ರೆ ನಮ್ ಚಿಕ್ಕದಕ್ಕೆ ಬಸ್ಸಿನ ಬೋರ್ಡೇ ಕಾಣ್ಸಲ್ಲ. ಇಷ್ಟು ದೂರ ಹೆಂಗ್ ಬಂತೋ."